ಕೂತ್ಕೊ ಅನ್ನುವ ಮೊದಲು: ನಾಯಿಗೆ ಸಮಾಧಾನ ಕಲಿಸುವ ಸಮಗ್ರ ಮಾರ್ಗದರ್ಶಿ

"ಕೂತ್ಕೊ" ಅಂದರೆ ಕೂರುತ್ತದೆ. "ಶೇಕ್ ಹ್ಯಾಂಡ್" ಅಂದರೆ ಕಾಲು ಕೊಡುತ್ತದೆ. ಚೆಂಡು ಎಸೆದರೆ ತಂದು ಕೊಡುತ್ತದೆ. ಆದರೆ ಬಾಗಿಲ ಬೆಲ್ ಆದರೆ ಸಾಕು, ಕಿವಿ ಕಿತ್ತು ಹೋಗುವಂತೆ ಬೊಗಳುತ್ತದೆ, ಬಂದವರ ಎದೆ ಮೇಲೆ ಹಾರುತ್ತದೆ. ಹೊರಗೆ ಕರೆದುಕೊಂಡು ಹೋದರೆ ನಿಮ್ಮನ್ನೇ ಎಳೆದುಕೊಂಡು ಓಡುತ್ತದೆ. ಇಂಥ ನಾಯಿಗಳು ಬೇಕಾದಷ್ಟಿವೆ. ಇವು ದಡ್ಡ ನಾಯಿಗಳೇನಲ್ಲ. ಇವುಗಳಿಗೆ ಏನೇನೋ ಮಾಡುವುದನ್ನು ಕಲಿಸಿದ್ದಾರೆ, ಏನೂ ಮಾಡದೆ ಇರುವುದನ್ನು ಯಾರೂ ಕಲಿಸಿಲ್ಲ, ಅಷ್ಟೇ.

ಸಮಾಧಾನ ಅನ್ನುವುದು ನಾಯಿಯ ಹುಟ್ಟುಗುಣ ಅಂತ ಹಲವರು ಅಂದುಕೊಂಡಿರುತ್ತಾರೆ. ತಳಿಯಿಂದ ತಳಿಗೆ, ಒಂದೇ ತಾಯಿಯ ಮರಿಗಳಲ್ಲೂ ಸ್ವಭಾವ ಬೇರೆ ಬೇರೆ ಇರುವುದು ನಿಜ. ಆದರೂ ಸುಮ್ಮನೆ ಮಲಗಿರುವುದು, ಕಾಯುವುದು, ಹೊಸದೇನೋ ಕಂಡಾಗ ಗಾಬರಿಯಾಗದೆ ನಿಂತು ನೋಡುವುದು, ಇದೆಲ್ಲವನ್ನೂ ಕಲಿಸಬಹುದು. ನನ್ನನ್ನು ಕೇಳಿದರೆ ಇದನ್ನೇ ಮೊದಲು ಕಲಿಸಬೇಕು. "ಕೂತ್ಕೊ, ಏಳು" ಯಾವಾಗ ಬೇಕಾದರೂ ಬರುತ್ತದೆ.

## ಪಾಠಕ್ಕಿಂತ ಮೊದಲು ದಿನಚರಿ

ಮರಿನಾಯಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಬೆಳೆದ ನಾಯಿಯೂ 12ರಿಂದ 14 ಗಂಟೆ ನಿದ್ದೆ ಮಾಡುತ್ತದೆ. ಸಂಜೆ ಹೊತ್ತಿಗೆ ಮರಿ ಮನೆಯೆಲ್ಲ ಓಡಾಡಿ, ಸಿಕ್ಕಿದ್ದನ್ನು ಕಚ್ಚಿ, ಪ್ಯಾಂಟ್ ಹಿಡಿದು ಎಳೆಯುತ್ತಿದ್ದರೆ "ಶಕ್ತಿ ಜಾಸ್ತಿಯಾಗಿದೆ" ಅಂದುಕೊಂಡು ಇನ್ನಷ್ಟು ಆಡಿಸುತ್ತೇವೆ. ಬಹಳ ಸಲ ಅದಕ್ಕೆ ಬೇಕಾಗಿರುವುದು ನಿದ್ದೆ. ಜನ ಓಡಾಡದ ಮೂಲೆಯಲ್ಲಿ ಹಾಸಿಗೆ ಹಾಕಿ. ಮಲಗಿದ್ದಾಗ ಮಕ್ಕಳು ಎಬ್ಬಿಸಬಾರದು, ಮುಟ್ಟಬಾರದು. ಈ ಒಂದು ನಿಯಮ ಮನೆಯಲ್ಲಿ ಬಂದರೆ ಅರ್ಧ ತರಲೆ ತಾನಾಗಿಯೇ ಇಳಿಯುತ್ತದೆ.

ಎರಡನೆಯದು ಮೂಸುವುದು. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 50-60 ಲಕ್ಷ ಇದ್ದರೆ, ನಾಯಿಗಳಲ್ಲಿ ತಳಿಗೆ ತಕ್ಕಂತೆ 10ರಿಂದ 30 ಕೋಟಿ ಇರುತ್ತವೆ ಎನ್ನುವುದು ಸಾಮಾನ್ಯ ಅಂದಾಜು. ಇಂಥ ಪ್ರಾಣಿಯನ್ನು ಕಂಬದ ಹತ್ತಿರ ನಿಲ್ಲಲೂ ಬಿಡದೆ ಎಳೆದುಕೊಂಡು ಹೋದರೆ ಅದನ್ನು ವಾಕಿಂಗ್ ಅನ್ನುವುದು ಹೇಗೆ? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ವಾರ ಮೂಸಿ ಹುಡುಕುವ ಆಟ ಆಡಿದ ನಾಯಿಗಳು, ಒಡೆಯರ ಕಾಲ ಪಕ್ಕ ನಡೆಯುವುದನ್ನು ಅಭ್ಯಾಸ ಮಾಡಿದ ನಾಯಿಗಳಿಗಿಂತ ಹೊಸ ಸನ್ನಿವೇಶವನ್ನು ಜಾಸ್ತಿ ಭರವಸೆಯಿಂದ ಎದುರಿಸಿದವು. ಹಾಗಾಗಿ ದಿನದ ಒಂದು ವಾಕ್ ಆದರೂ ನಾಯಿಯ ಇಷ್ಟದಂತೆ ಇರಲಿ. ಅದು ನಿಂತಲ್ಲಿ ನಿಲ್ಲಿ, ಮೂಸಿ ಮುಗಿಸುವವರೆಗೆ ಕಾಯಿರಿ. ಹೊರಗೆ ಹೋಗಲಾಗದ ದಿನ ಊಟದ ಕಾಳುಗಳನ್ನು (ನಾಯಿಯ ಒಣ ಆಹಾರದ ತುಣುಕುಗಳನ್ನು) ಹುಲ್ಲಿನ ಮೇಲೋ ಹಳೇ ಟವೆಲ್ ಮಡಿಕೆಗಳಲ್ಲೋ ಚೆಲ್ಲಿ, ಹುಡುಕಿ ತಿನ್ನಲಿ.

ಗಂಟೆಗಟ್ಟಲೆ ಚೆಂಡು ಎಸೆಯುವುದು ಇದಕ್ಕೆ ಬದಲಿಯಲ್ಲ. ಅದರಿಂದ ಮೈ ದಣಿಯುತ್ತದೆ, ತಲೆ ಮಾತ್ರ ಇನ್ನೂ ಬಿಸಿಯಾಗಿಯೇ ಇರುತ್ತದೆ. ಆಟ ಬೇಡ ಅನ್ನುತ್ತಿಲ್ಲ. ಆಟದ ನಂತರ ಐದು ನಿಮಿಷ ಮೂಸಾಟ ಅಥವಾ ಅಗಿಯಲು ಏನಾದರೂ ಕೊಟ್ಟು ಇಳಿಸಿ, ಆಮೇಲೆ ಮಲಗಿಸಿ.

ಇನ್ನೊಂದು ಮಾತು. ಇದ್ದಕ್ಕಿದ್ದಂತೆ ಸಿಡುಕುವುದು, ಮುಟ್ಟಿದರೆ ಗುರ್ ಅನ್ನುವುದು, ಮೆಟ್ಟಿಲು ಹತ್ತಲು ಹಿಂಜರಿಯುವುದು ಶುರುವಾದರೆ ತರಬೇತಿ ಪಕ್ಕಕ್ಕಿಟ್ಟು ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿ, ಹಲ್ಲು, ಕೀಲು, ಹೊಟ್ಟೆಯ ನೋವು ಎಷ್ಟೋ ಸಲ "ಕೆಟ್ಟ ನಡತೆ" ಅನ್ನಿಸಿಕೊಂಡುಬಿಡುತ್ತದೆ.

## ಲಾಭ ಇದ್ದರೆ ಮತ್ತೆ ಮಾಡುತ್ತದೆ

ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಹೊರಬರುವ ದಾರಿಯನ್ನು ಹೇಗೆ ಕಲಿಯುತ್ತವೆ ಅಂತ ನೋಡಿದರು. ಯಾವ ಕೆಲಸದಿಂದ ಒಳ್ಳೆಯ ಫಲ ಬಂತೋ ಆ ಕೆಲಸ ಮತ್ತೆ ಮತ್ತೆ ಬಂತು, ಫಲ ಇಲ್ಲದ್ದು ಬಿಟ್ಟುಹೋಯಿತು. ಇವತ್ತಿನ ಎಲ್ಲ ನಾಯಿ ತರಬೇತಿಯ ಕೆಳಗೂ ಈ ಲೆಕ್ಕವೇ ಇದೆ.

ಫಲ ಅಂದರೆ ತಿನಿಸು ಮಾತ್ರ ಅಂದುಕೊಳ್ಳಬೇಡಿ. ನೀವು ತಿರುಗಿ ನೋಡುವುದು, ಮಾತಾಡಿಸುವುದು, ತಳ್ಳುವುದು, "ಏಯ್, ಸುಮ್ನಿರು" ಅಂತ ಕೂಗುವುದು, ಎಲ್ಲವೂ ನಾಯಿಗೆ ಗಮನವೇ. ಮಲಗಿರುವ ನಾಯಿಯನ್ನು ಯಾರೂ ಮಾತಾಡಿಸುವುದಿಲ್ಲ, ಬೊಗಳಿದ ಕೂಡಲೇ ಮನೆಮಂದಿಯೆಲ್ಲ ತಿರುಗುತ್ತಾರೆ. ಹಾಗಿದ್ದ ಮೇಲೆ ನಾಯಿ ಏನು ಕಲಿಯುತ್ತದೆ ಹೇಳಿ?

ನಿಮಗೆ ಬೇಕಾಗಿರುವುದು ಇಷ್ಟು: ಬಟಾಣಿಗಿಂತ ಸಣ್ಣದಾಗಿ ಕತ್ತರಿಸಿದ ಮೆತ್ತಗಿನ ತಿನಿಸು, ಒಂದು ಗುರುತಿನ ಮಾತು, ಮತ್ತು ಚುರುಕು ಕೈ. ಗುರುತಿನ ಮಾತು "ಯೆಸ್" ಆಗಬಹುದು, "ಗುಡ್" ಆಗಬಹುದು, ಒತ್ತಿದರೆ ಟಿಕ್ ಅನ್ನುವ ಪುಟ್ಟ ಸಾಧನ, ಕ್ಲಿಕ್ಕರ್, ಇದ್ದರೂ ಸರಿ. ಮೊದಲು ನಾಲ್ಕೈದು ಸಲ "ಯೆಸ್" ಅಂದು ಸುಮ್ನೆ ತಿನಿಸು ಕೊಡಿ. ಆ ಸದ್ದು ಬಂದರೆ ತಿನಿಸು ಬರುತ್ತದೆ ಅಂತ ಅದಕ್ಕೆ ಗೊತ್ತಾಗುತ್ತದೆ. ಆಮೇಲೆ ನಿಮಗೆ ಬೇಕಾದದ್ದನ್ನು ನಾಯಿ ಮಾಡಿದ ಕ್ಷಣದಲ್ಲೇ "ಯೆಸ್". ಒಂದು ಸೆಕೆಂಡ್ ತಡವಾದರೂ ನೀವು ಮೆಚ್ಚಿದ್ದು ಬೇರೆ ಯಾವುದನ್ನೋ ಆಗಿಬಿಡುತ್ತದೆ. ತಿನಿಸು ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ. ಊಟದ ಕಾಳುಗಳನ್ನೇ ಎತ್ತಿಟ್ಟುಕೊಂಡು ಬಳಸಿದರೆ ಇನ್ನೂ ಒಳ್ಳೆಯದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಝೈಲಿಟಾಲ್ (ಸಕ್ಕರೆಯ ಬದಲಿಗೆ ಬಳಸುವ ಸಿಹಿಕಾರಕ) ಹಾಕಿದ ಸಿಹಿ ಯಾವುದೂ ಹತ್ತಿರ ಬರಕೂಡದು, ಅವು ನಾಯಿಗೆ ವಿಷ.

ಒಂದು ಎಚ್ಚರಿಕೆ. ಇದುವರೆಗೆ ಬೊಗಳಿದಾಗ ಗಮನ ಕೊಡುತ್ತಿದ್ದು ಈಗ ನಿಲ್ಲಿಸಿದರೆ, ಬೊಗಳುವುದು ಮೊದಲು ಜಾಸ್ತಿಯಾಗುತ್ತದೆ. ಹಳೇ ಉಪಾಯ ಫಲಿಸಲಿಲ್ಲ ಅಂತ ನಾಯಿ ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಆ ಹೊತ್ತಿನಲ್ಲಿ ಸೋತು ಒಮ್ಮೆ ಗಮನ ಕೊಟ್ಟಿರೋ, "ಇಷ್ಟು ಜೋರಾಗಿ ಬೊಗಳಬೇಕು" ಅಂತ ನೀವೇ ಕಲಿಸಿದಂತಾಯಿತು.

## "ನೀವೇ ಆಲ್ಫಾ ಆಗಬೇಕು" ಅನ್ನುವ ಮಾತು

ಆಲ್ಫಾ ಅಂದರೆ ಗುಂಪಿನ ಯಜಮಾನ. ಆ ಯಜಮಾನಿಕೆ ತೋರಿಸಲು ನಾಯಿಯನ್ನು ನೆಲಕ್ಕೆ ಒತ್ತಿ ಹಿಡಿಯಿರಿ, ನೀವು ಮೊದಲು ತಿನ್ನಿ, ಬಾಗಿಲಲ್ಲಿ ನೀವೇ ಮುಂದೆ ಹೋಗಿ ಅನ್ನುವವರು ಇನ್ನೂ ಇದ್ದಾರೆ. ಇದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಸೆರೆಯಲ್ಲಿದ್ದ ತೋಳಗಳನ್ನು ನೋಡಿ ಬರೆದದ್ದರಲ್ಲಿದೆ. ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳು ಮೇಲಾಟಕ್ಕೆ ಬಿದ್ದಿದ್ದವು. ಕಾಡಿನ ತೋಳದ ಗುಂಪು ಹೆಚ್ಚಾಗಿ ಅಪ್ಪ, ಅಮ್ಮ, ಮಕ್ಕಳ ಕುಟುಂಬ ಅಂತ ತೋಳಗಳ ತಜ್ಞ ಡೇವಿಡ್ ಮೆಕ್ 1999ರಲ್ಲಿ ಸ್ಪಷ್ಟವಾಗಿ ಬರೆದರು. ಆಲ್ಫಾ ಪದವನ್ನು ಜನಪ್ರಿಯಗೊಳಿಸಿದವರಲ್ಲಿ ಅವರೂ ಒಬ್ಬರು ಅನ್ನುವುದನ್ನು ನೆನಪಿಡಿ.

ಬೈದು ಹೊಡೆದು ಕಲಿಸುವುದರ ಬೆಲೆಯನ್ನೂ ಅಳೆದು ನೋಡಿದ್ದಾರೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಗ್ಗುವುದು, ಗದರುವುದು ಜಾಸ್ತಿ ಇದ್ದ ತರಬೇತಿ ಶಾಲೆಗಳ ನಾಯಿಗಳಲ್ಲಿ ಒತ್ತಡದ ವರ್ತನೆ ಹೆಚ್ಚಿತ್ತು, ತರಬೇತಿಯ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಏರಿತ್ತು. ಹೆದರಿ ತಣ್ಣಗಾದ ನಾಯಿ ಮೇಲ್ನೋಟಕ್ಕೆ ಶಾಂತವಾಗಿಯೇ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ.

## ನಾಯಿಯ ಮೈ ಓದುವುದು

ಹೆದರಿದ ನಾಯಿಗೂ ನಿರಾಳವಾದ ನಾಯಿಗೂ ವ್ಯತ್ಯಾಸ ಗೊತ್ತಾಗದಿದ್ದರೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗುವುದಿಲ್ಲ. ನಿದ್ದೆ ಬರದಿದ್ದರೂ ತೆಗೆಯುವ ಆಕಳಿಕೆ, ಊಟ ಕಾಣದಿದ್ದರೂ ತುಟಿ ನೆಕ್ಕುವುದು, ಮುಖ ಆ ಕಡೆ ತಿರುಗಿಸಿ ಕಣ್ಣಂಚಿನಲ್ಲಿ ನೋಡುವಾಗ ಕಾಣುವ ಬಿಳಿ, ಕಾಲೆತ್ತಿ ನಿಲ್ಲುವುದು, ಒಮ್ಮೆಲೇ ಕಲ್ಲಿನಂತೆ ನಿಂತುಬಿಡುವುದು: ಇವೆಲ್ಲ "ನನಗೆ ಕಷ್ಟವಾಗುತ್ತಿದೆ" ಅನ್ನುವ ಮೊದಲ ಸೂಚನೆಗಳು. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಖುಷಿ ಅಂತಲ್ಲ. ಮೈಯೆಲ್ಲ ಸಡಿಲವಾಗಿ, ಸೊಂಟವೂ ಸೇರಿ ಓಲಾಡುತ್ತಿದ್ದರೆ ಖುಷಿ. ಮೈ ಬಿಗಿಯಾಗಿ, ಬಾಲ ಮೇಲೆ ನೆಟ್ಟಗಾಗಿ ಸಣ್ಣಗೆ ನಡುಗುತ್ತಿದ್ದರೆ ದೂರ ಸರಿಯಿರಿ.

ಗುರ್ ಅಂದದ್ದಕ್ಕೆ ಯಾವತ್ತೂ ಹೊಡೆಯಬೇಡಿ, ಗದರಬೇಡಿ. ಅದು ಎಚ್ಚರಿಕೆಯ ಗಂಟೆ. ಆ ಗಂಟೆ ಬಾರಿಸಿದರೆ ಪೆಟ್ಟು ಬೀಳುತ್ತದೆ ಅಂತ ಕಲಿತ ನಾಯಿ ಮುಂದೆ ಗುರ್ ಅನ್ನದೆ ನೇರವಾಗಿ ಕಚ್ಚಬಹುದು. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನೂ ನಂಬಿ ಕೈ ಚಾಚಬೇಡಿ.

## ಹೆಜ್ಜೆ 1: ಸುಮ್ಮನಿದ್ದಾಗ ಸಂಬಳ

ಇದಕ್ಕೆ ಪಾಠದ ಹೊತ್ತು ಅಂತ ಬೇಕಿಲ್ಲ. ಮನೆಯ ಎರಡು ಮೂರು ಕಡೆ ಸಣ್ಣ ಡಬ್ಬಿಗಳಲ್ಲಿ ಕಾಳು ಇಡಿ. ನಾಯಿ ತಾನಾಗಿ ಮಲಗಿದ್ದು ಕಂಡರೆ ಸದ್ದಿಲ್ಲದೆ ಹೋಗಿ ಒಂದು ಕಾಳನ್ನು ಅದರ ಮುಂಗಾಲುಗಳ ನಡುವೆ ಇಟ್ಟು ಬನ್ನಿ. ಹೊಗಳಬೇಡಿ, ತಲೆ ಸವರಬೇಡಿ, "ಯೆಸ್" ಕೂಡ ಬೇಡ. ಮೊದಲೆರಡು ದಿನ ಅದು ಎದ್ದು ನಿಮ್ಮ ಹಿಂದೆ ಬರುತ್ತದೆ, ಬರಲಿ. ನೀವು ನಿಮ್ಮ ಕೆಲಸ ನೋಡಿಕೊಳ್ಳಿ. ಮತ್ತೆ ಮಲಗಿದಾಗ ಮತ್ತೊಂದು. ನಿಮ್ಮ ಹಿಂದೆ ಸುತ್ತಿದರೆ ಏನೂ ಸಿಗುವುದಿಲ್ಲ, ಮಲಗಿದರೆ ಆಕಾಶದಿಂದ ಕಾಳು ಬೀಳುತ್ತದೆ ಅಂತ ಅದಕ್ಕೆ ಹೊಳೆಯಲು ಬಹಳ ದಿನ ಬೇಕಾಗುವುದಿಲ್ಲ.

ಇಷ್ಟು ಸರಳವಾದ್ದರಿಂದಲೇ ಜನ ಇದನ್ನು ಬಿಟ್ಟುಬಿಡುತ್ತಾರೆ. ಈ ಬರಹದಲ್ಲಿ ಒಂದೇ ಒಂದನ್ನು ಮಾಡುವ ಪುರುಸೊತ್ತು ನಿಮಗಿದ್ದರೆ ಇದನ್ನೇ ಮಾಡಿ.

## ಹೆಜ್ಜೆ 2: ಮ್ಯಾಟ್ ಪಾಠ

ದಪ್ಪಗಿನ, ಜಾರದ ಒಂದು ಮ್ಯಾಟ್ ಅಥವಾ ಮಡಚಿದ ಕಂಬಳಿ ತೆಗೆದುಕೊಳ್ಳಿ. ಪಾಠದ ಹೊತ್ತಿಗೆ ಮಾತ್ರ ಹಾಸಿ, ಮುಗಿದ ಮೇಲೆ ಎತ್ತಿಡಿ.

1. ಮ್ಯಾಟ್ ಹಾಸಿ ಸುಮ್ಮನೆ ನಿಲ್ಲಿ. ನಾಯಿ ಅದರ ಕಡೆ ನೋಡಿದರೆ, ಒಂದು ಕಾಲಿಟ್ಟರೆ "ಯೆಸ್". ತಿನಿಸನ್ನು ಮ್ಯಾಟಿನ ಮೇಲೆಯೇ ಇಡಿ, ಕೈಯಲ್ಲಿ ಕೊಡಬೇಡಿ.
2. ನಾಲ್ಕೂ ಕಾಲು ಮ್ಯಾಟಿನ ಮೇಲೆ ಬಂದಾಗ ಮಾತ್ರ ತಿನಿಸು. ನಡುನಡುವೆ ಒಂದು ಕಾಳನ್ನು ದೂರ ಎಸೆಯಿರಿ. ತಿಂದು ತಾನೇ ವಾಪಸ್ ಬಂದರೆ ಆಟ ಅರ್ಥವಾಗಿದೆ.
3. ಈಗ ಕಾಯಿರಿ. "ಮಲಗು" ಅನ್ನಬೇಡಿ. ಬೇಸರ ಬಂದು ಮಲಗಿದ ಕೂಡಲೇ ಎರಡು ಮೂರು ಕಾಳು ಒಂದರ ಹಿಂದೊಂದು, ನಿಧಾನವಾಗಿ, ಮುಂಗಾಲುಗಳ ನಡುವೆ.
4. ಹೊತ್ತು ಹೆಚ್ಚಿಸಿ, ಆದರೆ ಏಣಿ ಹತ್ತಿದ ಹಾಗೆ ಬೇಡ. 3 ಸೆಕೆಂಡ್, 6, 2, 8, 4, 10 ಹೀಗೆ ಹಿಂದೆ ಮುಂದೆ ಆಗಲಿ. ಪ್ರತಿ ಸಲವೂ ಕಷ್ಟವಾಗುತ್ತಾ ಹೋದರೆ ನಾಯಿ ಎದ್ದು ಹೋಗುತ್ತದೆ.
5. ಒಂದು ನಿಮಿಷ ನಿರಾಳವಾಗಿ ಮಲಗಲು ಬಂದ ಮೇಲೆ ನೀವು ಒಂದು ಹೆಜ್ಜೆ ದೂರ ಹೋಗಿ ಬನ್ನಿ, ಬೆನ್ನು ತಿರುಗಿಸಿ, ಕುರ್ಚಿ ಎಳೆಯಿರಿ, ಬಾಗಿಲ ಚಿಲಕ ತೆಗೆಯಿರಿ. ಹೊತ್ತು, ದೂರ, ಗದ್ದಲ ಈ ಮೂರರಲ್ಲಿ ಒಂದನ್ನು ಕಷ್ಟ ಮಾಡಿದಾಗ ಉಳಿದೆರಡನ್ನು ಸುಲಭ ಮಾಡಬೇಕು.
6. ಮ್ಯಾಟ್ ಹಾಸಿದೊಡನೆ ತಾನೇ ಓಡಿ ಬಂದು ಮಲಗುವಂತಾದ ಮೇಲೆ ಹೆಸರಿಡಿ: "ಜಾಗಕ್ಕೆ". ಮುಗಿಯಿತು ಅನ್ನುವುದಕ್ಕೂ ಒಂದು ಮಾತಿರಲಿ, "ಆಯ್ತು" ಸಾಕು.

ನೀವು ಹುಡುಕುತ್ತಿರುವುದು ಸಿಪಾಯಿಯ ಹಾಗೆ ನೆಟ್ಟಗೆ ಮಲಗಿ ನಿಮ್ಮ ಕೈಯನ್ನೇ ದಿಟ್ಟಿಸುವ ನಾಯಿಯನ್ನಲ್ಲ. ಸೊಂಟ ಒಂದು ಬದಿಗೆ ವಾಲಿದೆಯಾ? ಗದ್ದ ನೆಲಕ್ಕೆ ತಾಗಿತಾ? ಉಸಿರು ನಿಧಾನವಾಯಿತಾ? ಸಂಬಳ ಅದಕ್ಕೆ. ನಿಮ್ಮ ದನಿ, ಕೈ, ನಡಿಗೆ ಎಲ್ಲವೂ ನಿಧಾನವಾಗಿರಲಿ. ನೀವೇ ಗಡಿಬಿಡಿಯಲ್ಲಿದ್ದರೆ ಆ ದಿನ ಪಾಠ ಬೇಡ.

ಒಂದು ಪಾಠ ಐದು ನಿಮಿಷ ಮೀರದಿರಲಿ. ದಿನಾ ಮಾಡಲೇಬೇಕು ಅಂತಲೂ ಇಲ್ಲ. 2011ರ ಒಂದು ಅಧ್ಯಯನದಲ್ಲಿ 44 ಬೀಗಲ್ ನಾಯಿಗಳಿಗೆ ಹೆಚ್ಚುಕಡಿಮೆ ಇದೇ ಪಾಠ ಕಲಿಸಿದ್ದರು: ಬುಟ್ಟಿಗೆ ಹೋಗಿ ಅಲ್ಲೇ ಇರುವುದು. ಅಷ್ಟೇ ಪಾಠಗಳನ್ನು ವಾರಕ್ಕೆ ಒಂದೆರಡು ಸಲದಂತೆ ಕಲಿತ ನಾಯಿಗಳು ದಿನಾ ಕಲಿತ ನಾಯಿಗಳಿಗಿಂತ ಚೆನ್ನಾಗಿ ಕಲಿತವು. ಪಾಠದ ನಂತರದ ನಿದ್ದೆಯೂ ಕಲಿತದ್ದು ಉಳಿಯಲು ನೆರವಾಗುತ್ತದೆ. ಹಾಗಾಗಿ ಒಂದು ದಿನ ತಪ್ಪಿತು ಅಂತ ಕೊರಗಬೇಡಿ.

## ಹೆಜ್ಜೆ 3: ಬಾಗಿಲು ಮತ್ತು ಅತಿಥಿಗಳು

ಬೆಲ್ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳಿಯೂ ಕೇಳದಷ್ಟು ಸಣ್ಣದಾಗಿ ಹಾಕಿ. ಸದ್ದು ಬಂದ ಮೇಲೆ ಮ್ಯಾಟಿನ ಮೇಲೆ ಒಂದು ಹಿಡಿ ಕಾಳು. ಮೊದಲು ಬೆಲ್, ಆಮೇಲೆ ಕಾಳು. ಈ ಕ್ರಮ ತಪ್ಪಬಾರದು. ಬೆಲ್ ಆದಾಗ ನಾಯಿ ಬಾಗಿಲ ಬದಲು ಮ್ಯಾಟಿನ ಕಡೆ ನೋಡಿದರೆ ದನಿ ಸ್ವಲ್ಪ ಏರಿಸಿ. ಆಮೇಲೆ ಮನೆಯವರೇ ಒಬ್ಬರು ಹೊರಗೆ ಹೋಗಿ ನಿಜವಾದ ಬೆಲ್ ಒತ್ತಲಿ.

ಇದೆಲ್ಲ ಕಲಿಯುವವರೆಗೆ ನಿಜವಾದ ಅತಿಥಿಗಳು ಬಂದಾಗ ನಾಯಿ ಬೇರೆ ಕೋಣೆಯಲ್ಲಿ ಅಗಿಯುವ ಆಟಿಕೆಯ ಜೊತೆ ಇರಲಿ, ಇಲ್ಲವೇ ಲೀಶ್ ಹಾಕಿರಿ. ಒಂದು ಕಡೆ ಕಲಿಸುತ್ತಾ ಇನ್ನೊಂದು ಕಡೆ ಹಳೇ ಅಭ್ಯಾಸಕ್ಕೆ ಅವಕಾಶ ಕೊಟ್ಟರೆ ಕಲಿಸಿದ್ದು ತಲೆಗೆ ಹತ್ತುವುದಿಲ್ಲ. ಹಾರುವ ನಾಯಿಗೆ ಸೂತ್ರ ಒಂದೇ: ನಾಲ್ಕು ಕಾಲು ನೆಲದಲ್ಲಿದ್ದರೆ ಮಾತು, ಮುದ್ದು, ತಿನಿಸು, ಹಾರಿದರೆ ಬೆನ್ನು. "ಅಯ್ಯೋ ಪರವಾಗಿಲ್ಲ, ನಂಗೆ ನಾಯಿ ಅಂದ್ರೆ ಇಷ್ಟ" ಅನ್ನುವ ಅತಿಥಿ ಎಲ್ಲರ ಮನೆಗೂ ಒಬ್ಬರು ಬರುತ್ತಾರೆ. ನಾಯಿಗಿಂತ ಮೊದಲು ತರಬೇತಿ ಬೇಕಾಗಿರುವುದು ಅವರಿಗೆ.

## ಹೆಜ್ಜೆ 4: ಎಳೆಯದೆ ನಡೆಯುವುದು

ಎರಡು ಮೀಟರ್ ಉದ್ದದ ಸಾದಾ ಲೀಶ್ ಸಾಕು. ಎಳೆದಷ್ಟೂ ಉದ್ದವಾಗುವ ಲೀಶ್ ಎಳೆಯುವುದನ್ನೇ ಕಲಿಸುತ್ತದೆ. ಕುತ್ತಿಗೆಗೆ ಒತ್ತಡ ಬೀಳದಂತೆ ಹಾರ್ನೆಸ್ (ಎದೆ, ಬೆನ್ನು ಸುತ್ತುವ ಪಟ್ಟಿ) ಹಾಕಿ. ಎದೆಯ ಮುಂದೆ ಕೊಂಡಿ ಇರುವುದಾದರೆ ಎಳೆಯುವ ನಾಯಿಯನ್ನು ಹಿಡಿಯುವುದು ಸುಲಭ. ಮೊದಲು ಮನೆಯೊಳಗೆ, ಆಮೇಲೆ ಗೇಟಿನ ಹತ್ತಿರ, ಆಮೇಲೆ ಹೊರಗೆ. ನಿಮ್ಮ ಮೊಣಕಾಲ ಪಕ್ಕ ಬಂದಾಗಲೆಲ್ಲ ಅಲ್ಲೇ ತಿನಿಸು ಕೊಡಿ. ಲೀಶ್ ಬಿಗಿಯಾದರೆ ನಿಲ್ಲಿ, ಜಗ್ಗಬೇಡಿ. ಅದು ತಿರುಗಿ ನೋಡಿ ಲೀಶ್ ಸಡಿಲವಾದ ಕೂಡಲೇ ಮತ್ತೆ ಹೊರಡಿ. ಮೊದಮೊದಲು ಅರ್ಧ ಗಂಟೆಯಲ್ಲಿ ನಾಲ್ಕು ಮನೆ ದಾಟುವುದೂ ಕಷ್ಟ. ಅವಸರ ಇರುವ ದಿನ ಈ ಪಾಠಕ್ಕೆ ಕೈ ಹಾಕಬೇಡಿ.

ಕರೆದಾಗ ಬರುವುದರ ಬಗ್ಗೆ ಒಂದೇ ನಿಯಮ: "ಬಾ" ಅಂದದ್ದಕ್ಕೆ ಬಂದ ನಾಯಿಗೆ ಯಾವತ್ತೂ ಕೆಟ್ಟದ್ದಾಗಬಾರದು. ಸ್ನಾನ ಮಾಡಿಸಲು, ಉಗುರು ಕತ್ತರಿಸಲು ನೀವೇ ಅದರ ಹತ್ತಿರ ಹೋಗಿ.

## ಹೆಜ್ಜೆ 5: ಧೈರ್ಯ ತುಂಬುವುದು

ಸುಮಾರು 3ರಿಂದ 14 ವಾರದೊಳಗೆ ಮರಿ ಯಾವ ಯಾವ ಜನ, ಸದ್ದು, ನೆಲ, ಪ್ರಾಣಿಗಳನ್ನು ಸುಖವಾಗಿ ಕಂಡಿರುತ್ತದೋ ಅವು ಮುಂದೆ ಅದಕ್ಕೆ ಮಾಮೂಲಿ. ಎಲ್ಲ ಲಸಿಕೆ ಮುಗಿಯಲಿ ಅಂತ ಕಾದರೆ ಈ ಕಿಟಕಿ ಮುಚ್ಚಿಹೋಗುತ್ತದೆ. ಮೊದಲ ಲಸಿಕೆಯಾಗಿ ಕನಿಷ್ಠ ಒಂದು ವಾರವಾದ ಮೇಲೆ 7-8 ವಾರದ ಮರಿಯನ್ನು ಸ್ವಚ್ಛ ಜಾಗದ ಮರಿ ತರಗತಿಗೆ ಸೇರಿಸಬಹುದು ಅಂತ ಅಮೆರಿಕದ ಪಶುವೈದ್ಯ ವರ್ತನಾ ತಜ್ಞರ ಸಂಘ ಹೇಳುತ್ತದೆ. ಬೇರೆ ಕಡೆಗಳಿಗೆ ಎತ್ತಿಕೊಂಡೇ ಹೋಗಿ, ದೂರದಿಂದ ತೋರಿಸಿ. ಎಲ್ಲರೂ ಎತ್ತಿ ಮುದ್ದಾಡಲಿ ಅಂತ ಕೈಯಿಂದ ಕೈಗೆ ದಾಟಿಸುವುದು ಬೇಡ. ಮರಿ ತಾನಾಗಿ ಹತ್ತಿರ ಹೋಗಬೇಕು, ಬೇಡವೆನ್ನಿಸಿದರೆ ಹಿಂದೆ ಬರಲು ದಾರಿಯಿರಬೇಕು.

ದೊಡ್ಡ ನಾಯಿ ಈಗಾಗಲೇ ಹೆದರುತ್ತಿದ್ದರೆ? ಬೈಕ್ ಕಂಡರೆ ಬೊಗಳಿ ಎಗರುವ ನಾಯಿಯನ್ನೇ ತೆಗೆದುಕೊಳ್ಳಿ. ಅದು ಬೈಕನ್ನು ನೋಡಿಯೂ ತಿನಿಸು ತಿನ್ನಬಲ್ಲ ದೂರ ಯಾವುದು ಅಂತ ಮೊದಲು ಕಂಡುಹಿಡಿಯಿರಿ. 50 ಮೀಟರ್ ಇರಬಹುದು, 100 ಇರಬಹುದು. ಅಲ್ಲಿ ನಿಂತು, ಬೈಕ್ ಕಂಡಿತಾ, ತಿನಿಸು. ಬೈಕ್ ಮರೆಯಾಯಿತಾ, ತಿನಿಸು ಬಂದ್. ಕೆಲವು ದಿನಗಳಲ್ಲಿ ಬೈಕ್ ನೋಡಿ, "ಎಲ್ಲಿ ನನ್ನ ತಿನಿಸು?" ಅಂತ ನಿಮ್ಮ ಕಡೆ ತಿರುಗುತ್ತದೆ. ಆಗ ಕೆಲವೇ ಹೆಜ್ಜೆ ಹತ್ತಿರ ಹೋಗಿ. ಬೊಗಳಿತು, ತಿನಿಸು ಮೂಸಲೂ ಇಲ್ಲ ಅಂದರೆ ನೀವು ಜಾಸ್ತಿ ಹತ್ತಿರ ಇದ್ದೀರಿ, ಅಷ್ಟೇ. ಸದ್ದು ಮಾಡದೆ ದೂರ ಸರಿಯಿರಿ.

ಹೆದರಿದ ನಾಯಿಯನ್ನು ಸಮಾಧಾನಪಡಿಸಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ಭಯ ಒಂದು ಭಾವನೆ, ಅದು ಲಾಭಕ್ಕಾಗಿ ಮಾಡುವ ಕೆಲಸವಲ್ಲ. ಪಟಾಕಿಗೋ ಗುಡುಗಿಗೋ ನಡುಗಿ ನಿಮ್ಮ ಹತ್ತಿರ ಬಂದರೆ ಧಾರಾಳವಾಗಿ ತಬ್ಬಿಕೊಳ್ಳಿ. ಮಂಚದ ಕೆಳಗೆ ಅಡಗಿದರೆ ಎಳೆದು ತೆಗೆಯಬೇಡಿ.

ಭಯಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ ಅನ್ನುವುದೂ ನೆನಪಿರಲಿ. ಬೆಳಿಗ್ಗೆ ಪಶುವೈದ್ಯರ ಸೂಜಿ, ಮಧ್ಯಾಹ್ನ ಡ್ರಿಲ್ ಸದ್ದು, ಸಂಜೆ ಅಪರಿಚಿತ ಮಗು. ದಿನವಿಡೀ ತಡೆದುಕೊಂಡ ನಾಯಿ ಸಂಜೆ ಎಗರಿದರೆ "ಸುಮ್ಮಸುಮ್ಮನೆ ಎಗರಿತು" ಅನ್ನುತ್ತೇವೆ. ಇಂಥ ದಿನದ ಮಾರನೆಯ ದಿನ ಪೂರ್ತಿ ರಜೆ ಕೊಡಿ: ನಿದ್ದೆ, ಮೂಸಾಟ, ಅಗಿಯುವುದು.

## ಒಂಟಿಯಾಗಿರುವುದು

ಮರಿ ಬಂದ ಮೊದಲ ವಾರದಿಂದಲೇ ಶುರುಮಾಡಿ. ಪಕ್ಕದ ಕೋಣೆಗೆ ಹೋಗಿ ಕೆಲವು ಸೆಕೆಂಡಿಗೆ ವಾಪಸ್ ಬನ್ನಿ. ಅಳುವ ಮೊದಲೇ ಬರಬೇಕು. ನಿಧಾನವಾಗಿ ಹೊತ್ತು ಹೆಚ್ಚಿಸಿ, ಇಲ್ಲೂ ಹಿಂದೆ ಮುಂದೆ ಆಗಲಿ. ಬೀಗದ ಕೈ ತೆಗೆದು ಸುಮ್ನೆ ಮತ್ತೆ ಕೂರಿ, ಚಪ್ಪಲಿ ಹಾಕಿ ಬಿಚ್ಚಿ. ಬಾಗಿಲು ಪರಚುವುದು, ಜೊಲ್ಲು ಸುರಿಸುವುದು, ಗಂಟೆಗಟ್ಟಲೆ ಊಳಿಡುವುದು ಇದ್ದರೆ ಅದು ಹಟವಲ್ಲ, ಗಾಬರಿ. ಅಳಲಿ ಅಂತ ಬಿಟ್ಟರೆ ಸರಿಹೋಗುವುದಿಲ್ಲ. ಇಂಥ ನಾಯಿಗೆ ಪಶುವೈದ್ಯರ ಸಲಹೆ, ಕೆಲವೊಮ್ಮೆ ಔಷಧಿಯೂ ಬೇಕಾಗುತ್ತದೆ.

## ಎಂಟನೇ ತಿಂಗಳ ಹೊತ್ತಿಗೆ

ಐದು ತಿಂಗಳಿಗೆ ಹೇಳಿದ್ದೆಲ್ಲ ಕೇಳುತ್ತಿದ್ದ ಮರಿ ಎಂಟನೇ ತಿಂಗಳಿಗೆ ನಿಮ್ಮ ಮುಖವನ್ನೇ ನೋಡುವುದಿಲ್ಲ. 2020ರ ಒಂದು ಅಧ್ಯಯನ ಇದನ್ನೇ ಕಂಡಿತು: ಎಂಟು ತಿಂಗಳ ಹರೆಯದ ನಾಯಿಗಳು ಒಡೆಯರ ಮಾತನ್ನು ಮೊದಲಿಗಿಂತ ಕಡಿಮೆ ಕೇಳಿದವು, ಅಪರಿಚಿತರ ಮಾತಿಗೆ ಮಾತ್ರ ಹಾಗಾಗಲಿಲ್ಲ. ನಾಯಿಗಳನ್ನು ಆಶ್ರಯ ಕೇಂದ್ರಕ್ಕೆ ಬಿಡುವುದು ಹೆಚ್ಚಾಗಿ ಈ ವಯಸ್ಸಿನ ಆಸುಪಾಸಿನಲ್ಲೇ. ಇದು ದಾಟಿಹೋಗುತ್ತದೆ. ಪಾಠ ಸುಲಭ ಮಾಡಿ, ತಿನಿಸು ರುಚಿ ಮಾಡಿ, ಬೇಲಿಯಿಲ್ಲದ ಜಾಗದಲ್ಲಿ ಉದ್ದ ಲೀಶ್ ಹಾಕಿಯೇ ಬಿಡಿ.

## ತರಬೇತುದಾರರನ್ನು ಹುಡುಕುವಾಗ

ಕಚ್ಚಿದ ನಾಯಿ, ಮಕ್ಕಳ ಮೇಲೆ ಗುರ್ ಅನ್ನುವ ನಾಯಿ, ಊಟದ ಬಟ್ಟಲಿನ ಹತ್ತಿರ ಯಾರನ್ನೂ ಬಿಡದ ನಾಯಿ ಇದ್ದರೆ ಇಂಥ ಬರಹ ಓದಿ ನೀವೇ ಪ್ರಯೋಗ ಮಾಡಬೇಡಿ. ಮೊದಲು ಪಶುವೈದ್ಯರು, ಆಮೇಲೆ ತರಬೇತುದಾರರು. ತರಬೇತುದಾರರಿಗೆ ಎರಡು ಪ್ರಶ್ನೆ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಏನಾಗುತ್ತದೆ? ತಪ್ಪು ಮಾಡಿದರೆ ಏನಾಗುತ್ತದೆ? ಎರಡನೆಯದಕ್ಕೆ "ಇನ್ನೂ ಸುಲಭ ಮಾಡಿ ಮತ್ತೆ ಕಲಿಸುತ್ತೇವೆ" ಅಂದರೆ ಮುಂದೆ ಮಾತಾಡಿ. ಶಾಕ್ ಕಾಲರ್, ಮುಳ್ಳಿನ ಪಟ್ಟಿ, "ಸ್ವಲ್ಪ ಬುದ್ಧಿ ಕಲಿಸಬೇಕು" ಅನ್ನುವ ಉತ್ತರ ಬಂದರೆ ಬೇರೆಯವರನ್ನು ನೋಡಿ. ನಾಯಿಯನ್ನು ಕೆಲವು ವಾರ ಬಿಟ್ಟು ಹೋಗಿ, ಕಲಿಸಿ ಕಳಿಸುತ್ತೇವೆ, ನಡುವೆ ಬಂದು ನೋಡುವಂತಿಲ್ಲ ಅನ್ನುವವರಿಗೆ ಅಂತೂ ನಾಯಿಯನ್ನು ಕೊಡಲೇಬೇಡಿ.